ಹಳೇ ಹಾಯಿದೋಣಿ ಕೊಳ್ಳುವವರು ಮೊದಲು ಡೆಕ್ ತಟ್ಟಿ ನೋಡಲಿ

ಸಂಪಾದಕರಿಗೆ ನಮಸ್ಕಾರ,

ಕರಾವಳಿಯಲ್ಲಿ ಹಾಯಿದೋಣಿ ಪ್ರವಾಸದ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. ಖುಷಿಯಾಯಿತು. ಆದರೆ ಅದರಲ್ಲಿ ಹಾದುಹೋದ ಒಂದು ಮಾತು ಯಾಕೋ ಒಪ್ಪಿಗೆಯಾಗಲಿಲ್ಲ. ಫೈಬರ್ ದೋಣಿ ಕೊಳೆಯುವುದಿಲ್ಲ, ಹಾಗಾಗಿ ಮೂವತ್ತು ನಲವತ್ತು ವರ್ಷ ಹಳೆಯದಾದರೂ ಧೈರ್ಯವಾಗಿ ಕೊಳ್ಳಬಹುದು ಎನ್ನುವ ಅರ್ಥದ ಮಾತು ಅದು. ಅರ್ಧ ನಿಜ. ಉಳಿದರ್ಧ ಬರೆಯದೆ ಬಿಟ್ಟರೆ, ಯಾರೋ ಒಬ್ಬರು ಸಾಲ ಮಾಡಿ ಗೋವಾದಿಂದಲೋ ಮುಂಬೈನಿಂದಲೋ ಒಂದು ಹಳೇ ದೋಣಿ ತಂದು ಕೈ ಸುಟ್ಟುಕೊಳ್ಳುತ್ತಾರೆ. ನಾನು ಫೈಬರ್ ಕೆಲಸ ಮಾಡಿಕೊಂಡೇ ಬಂದವನು. ಮೊದಲು ಗೋವಾದ ಯಾರ್ಡುಗಳಲ್ಲಿ ಹಾಯಿದೋಣಿಗಳದ್ದು, ಈಗ ಊರಲ್ಲಿ ಮೀನಿನ ದೋಣಿಗಳದ್ದು. ಅದಕ್ಕೇ ಈ ಪತ್ರ. ಉದ್ದವಾದರೆ ಕತ್ತರಿ ನಿಮ್ಮ ಕೈಯಲ್ಲೇ ಇದೆಯಲ್ಲ.

ಮೊದಲು ನಿಜವಾದ ಅರ್ಧ. ಫೈಬರ್ ಅಂದರೆ ರೆಸಿನ್ ಎಂಬ ಅಂಟಿನಲ್ಲಿ ಕೂರಿಸಿದ ಗಾಜಿನ ನೂಲು. ಅದು ಕೊಳೆಯುವುದಿಲ್ಲ, ಅದಕ್ಕೆ ಹುಳ ಹಿಡಿಯುವುದಿಲ್ಲ. ಅಮೆರಿಕದಲ್ಲಿ 1959ರಲ್ಲಿ ಮಾರಾಟಕ್ಕೆ ಬಂದ ಪಿಯರ್ಸನ್ ಟ್ರೈಟನ್ ಎಂಬ 28 ಅಡಿಯ ಫೈಬರ್ ಹಾಯಿದೋಣಿಗಳಲ್ಲಿ ಎಷ್ಟೋ ಇವತ್ತಿಗೂ ನೀರಿನಲ್ಲಿವೆ. ಅಭಿಲಾಷ್ ಟಾಮಿ 2023ರಲ್ಲಿ ಗೋಲ್ಡನ್ ಗ್ಲೋಬ್ ರೇಸಿನಲ್ಲಿ ಒಬ್ಬರೇ ಭೂಮಿ ಸುತ್ತಿ ಎರಡನೆಯವರಾಗಿ ಬಂದರಲ್ಲ, ಅವರ ದೋಣಿ ರಸ್ಲರ್ 36. ಅದೂ ಹಳೇ ಕಾಲದ ಫೈಬರ್ ವಿನ್ಯಾಸವೇ. 1988ಕ್ಕಿಂತ ಮುಂಚಿನ ವಿನ್ಯಾಸ ಆಗಿರಬೇಕು ಎನ್ನುವುದೇ ಆ ಸ್ಪರ್ಧೆಯ ನಿಯಮ. ಫೈಬರ್ ದೋಣಿ ಶುರುವಾದ ಕಾಲದಲ್ಲಿ ಎಷ್ಟು ದಪ್ಪ ಸಾಕು ಅಂತ ಯಾರಿಗೂ ಸರಿಯಾಗಿ ಅಂದಾಜಿರಲಿಲ್ಲ, ಹಾಗಾಗಿ ಧಾರಾಳವಾಗಿ ಮ್ಯಾಟ್ (ಗಾಜಿನ ನೂಲಿನ ಹಾಸು) ಮೇಲೆ ಮ್ಯಾಟ್ ಹಾಕಿ ರೆಸಿನ್ ಬಳಿದರು. ಇವತ್ತು ಕೊಳ್ಳುವವರಿಗೆ ಅದು ಲಾಭವೇ.

ಇನ್ನು ಬರೆಯದೆ ಬಿಟ್ಟ ಅರ್ಧ. ಫೈಬರ್ ದೋಣಿ ಅಂದರೆ ಬರೀ ಫೈಬರ್ ಅಲ್ಲ. ತಳ ಗಟ್ಟಿ ಫೈಬರ್ ಆಗಿದ್ದರೂ ಡೆಕ್, ಅಂದರೆ ನಾವು ಓಡಾಡುವ ಮೇಲ್ಹಾಸು, ಹಾಗಿರುವುದು ಅಪರೂಪ. ಹಗುರವಾಗಿರಬೇಕು, ಕಾಲಿಟ್ಟರೆ ಬಗ್ಗಬಾರದು ಅಂತ ಎರಡು ತೆಳು ಫೈಬರ್ ಪದರದ ನಡುವೆ ಬಾಲ್ಸಾ ಎಂಬ ಹಗುರ ಮರವನ್ನೋ ಪ್ಲೈವುಡ್ಡನ್ನೋ ಇಟ್ಟಿರುತ್ತಾರೆ. ಒಳಗಿನ ಅಡ್ಡಗೋಡೆಗಳು ಪ್ಲೈವುಡ್. ತಳಕ್ಕೆ ಬಲ ಕೊಡುವ ಉದ್ದುದ್ದ ಪಟ್ಟಿಗಳ ಒಳಗೂ ಮರ, ಮೇಲೆ ಮಾತ್ರ ಫೈಬರ್ ಹೊದಿಕೆ. ಕೊಳೆಯುವುದು ಈ ಮರ. ಹೊರಗಿನಿಂದ ನೋಡಿದರೆ ಏನೂ ಕಾಣಿಸುವುದಿಲ್ಲ. ಮರದ ದೋಣಿಯಾದರೆ ಹಲಗೆ ಕಪ್ಪಾಗುತ್ತದೆ, ಉಗುರು ಹಾಕಿದರೆ ಇಳಿಯುತ್ತದೆ, ಯಾರಿಗಾದರೂ ಗೊತ್ತಾಗುತ್ತದೆ. ಇಲ್ಲಿ ಬಿಳಿ ಪೇಂಟು ಹೊಳೆಯುತ್ತಲೇ ಇರುತ್ತದೆ.

ಇದು ಹಾಯಿದೋಣಿಯವರ ಕಥೆ ಮಾತ್ರ ಅಲ್ಲ. ನಮ್ಮ ಮಲ್ಪೆ, ಗಂಗೊಳ್ಳಿ ಕಡೆಯ ಫೈಬರ್ ನಾಡದೋಣಿಗಳಲ್ಲಿ ಔಟ್‌ಬೋರ್ಡ್ ಎಂಜಿನ್ ಕಚ್ಚಿಸುವ ಹಿಂಬದಿಯ ಹಲಗೆ ಇದೆಯಲ್ಲ, ಅದರೊಳಗೂ ಬಹುತೇಕ ಪ್ಲೈವುಡ್ಡೇ ಇರುವುದು. ಎಂಜಿನ್ ಬೋಲ್ಟಿನ ತೂತಿನಿಂದ ನೀರು ಇಳಿದು ಒಳಗಿನ ಮರ ಮೆತ್ತಗಾಗಿ, ಕೊನೆಗೆ ಎಂಜಿನ್ನೇ ಅಲ್ಲಾಡಲು ಶುರುವಾದ ಮೇಲೆ ದೋಣಿ ನಮ್ಮ ಹತ್ತಿರ ಬರುತ್ತದೆ.

ಹಳೇ ದೋಣಿ ನೋಡಲು ಹೋದವರು ಮಾಡುವ ಮೊದಲ ಕೆಲಸ ಕೆಳಗೆ ಬಗ್ಗಿ ತಳದಲ್ಲಿ ಗುಳ್ಳೆ ಹುಡುಕುವುದು. ಯಾರೋ ಆಸ್ಮೋಸಿಸ್, ಅಂದರೆ ನೀರು ನುಸುಳಿ ಗುಳ್ಳೆ ಏಳುವ ಕಾಯಿಲೆ, ಅಂತ ಹೆದರಿಸಿರುತ್ತಾರೆ. ನಾಲ್ಕು ಗುಳ್ಳೆ ಕಂಡರೆ ರೇಟು ಇಳಿಸುತ್ತಾರೆ, ಕಾಣದಿದ್ದರೆ ಕೈ ಕುಲುಕಿ ಅಡ್ವಾನ್ಸ್ ಕೊಡುತ್ತಾರೆ. ಮೇಲೆ ಹತ್ತಿ ಡೆಕ್ ಮೇಲೆ ನಾಲ್ಕು ಹೆಜ್ಜೆ ಗಮನವಿಟ್ಟು ನಡೆಯುವವರು ಕಡಿಮೆ. ನನ್ನ ಲೆಕ್ಕದಲ್ಲಿ ಇದು ಪೂರ್ತಿ ಉಲ್ಟಾ.

ಗುಳ್ಳೆ ಹೇಗೆ ಏಳುತ್ತದೆ ಅಂತ ಹೇಳುತ್ತೇನೆ. ಪಾಲಿಯೆಸ್ಟರ್ ರೆಸಿನ್ ಆಗಲಿ ಅದರ ಮೇಲಿನ ಹೊಳಪಿನ ಹೊರಪದರವಾದ ಜೆಲ್‌ಕೋಟ್ ಆಗಲಿ ಪೂರ್ತಿ ನೀರು ತಡೆಯುವುದಿಲ್ಲ, ವರ್ಷಗಟ್ಟಲೆ ನೀರಿನಲ್ಲೇ ನಿಂತ ದೋಣಿಯ ತಳದೊಳಗೆ ನೀರಿನ ಕಣಗಳು ನಿಧಾನವಾಗಿ ನುಸುಳುತ್ತಲೇ ಇರುತ್ತವೆ. ಒಳಗೆ ಸರಿಯಾಗಿ ಸೆಟ್ ಆಗದೆ ಉಳಿದ ರಾಸಾಯನಿಕ, ಮ್ಯಾಟ್ ಹಿಡಿದಿಡಲು ಬಳಸಿದ ಅಂಟು, ಇವೆಲ್ಲ ಆ ನೀರಿನಲ್ಲಿ ಕರಗಿ ಒಂದು ಗಟ್ಟಿ ದ್ರಾವಣ ಆಗುತ್ತದೆ. ಅದು ಹೊರಗಿನಿಂದ ಇನ್ನಷ್ಟು ನೀರು ಎಳೆಯುತ್ತದೆ. ಒತ್ತಡ ಏರುತ್ತದೆ. ಜೆಲ್‌ಕೋಟ್ ಉಬ್ಬುತ್ತದೆ. ಅಂಥ ಗುಳ್ಳೆಯನ್ನು ಉಳಿಯಿಂದ ಒಡೆದರೆ ಜಿಡ್ಡುಜಿಡ್ಡಾದ ರಸ ಚಿಮ್ಮುತ್ತದೆ, ವಿನೆಗರ್ ವಾಸನೆ. ಒಡೆಯುವಾಗ ಕಣ್ಣಿಗೆ ಕನ್ನಡಕ ಇರಲೇಬೇಕು, ಆಸಿಡ್ ಅದು. ರಸ ಒರೆಸಿ ತೂತಿನೊಳಗೆ ನೋಡಿ. ತಳದಲ್ಲಿ ಫೈಬರ್ ಗಟ್ಟಿಯಾಗಿ ಹಸಿರು ಮಿಶ್ರಿತ ಬಣ್ಣದಲ್ಲಿದ್ದರೆ ಬರೀ ಮೇಲ್ಪದರದ ಕಾಯಿಲೆ. ನೂಲು ಬೆಳ್ಳಗೆ ಒಣಕಲಾಗಿ ಕಂಡು, ಉಳಿಯ ತುದಿಗೆ ಎಳೆಎಳೆಯಾಗಿ ಬಿಟ್ಟುಕೊಂಡರೆ ಕಾಯಿಲೆ ಒಳಗಿನವರೆಗೂ ಇಳಿದಿದೆ ಅಂತ ಅರ್ಥ.

ಇನ್ನೊಂದು ವಿಷಯ ಜಾಸ್ತಿ ಜನರಿಗೆ ಗೊತ್ತಿಲ್ಲ. ಗುಳ್ಳೆ ಏಳುವುದರಲ್ಲಿ ಉಪ್ಪುನೀರಿಗಿಂತ ಸಿಹಿನೀರು ಕೆಟ್ಟದು. ತಣ್ಣನೆಯ ನೀರಿಗಿಂತ ಬೆಚ್ಚನೆಯದು ಕೆಟ್ಟದು. ಕಾಳಿ, ಶರಾವತಿ ಅಳಿವೆಗಳು ಮಳೆಗಾಲದಲ್ಲಿ ಹೊಳೆ ನೀರಿನಿಂದಲೇ ತುಂಬಿರುತ್ತವೆ, ಮತ್ತೆ ನಮ್ಮ ನೀರು ಯಾವತ್ತೂ ಯುರೋಪಿನಷ್ಟು ತಣ್ಣಗಿರುವುದಿಲ್ಲ. ಆ ಅಳಿವೆಗಳಲ್ಲಿ ಸುಮ್ನೆ ಕಟ್ಟಿಟ್ಟ ದೋಣಿಗೆ ಗುಳ್ಳೆ ಬಂದರೆ ಆಶ್ಚರ್ಯ ಪಡಬೇಕಾಗಿಲ್ಲ. ಆದರೂ ಹೇಳುತ್ತೇನೆ, ದಪ್ಪ ತಳದ ಹಳೇ ದೋಣಿ ಗುಳ್ಳೆಯಿಂದ ಮುಳುಗಿದ್ದು ನಾನು ಕಂಡಿಲ್ಲ. ಬೆರಳಿನಲ್ಲಿ ಎಣಿಸುವಷ್ಟು ಗುಳ್ಳೆ ಇದ್ದರೆ ಕೆರೆದು, ತೊಳೆದು, ಒಣಗಿಸಿ, ಎಪಾಕ್ಸಿ (ಎರಡು ಭಾಗ ಕಲಸಿ ಬಳಸುವ ಗಟ್ಟಿ ಅಂಟು) ಪುಟ್ಟಿ ತುಂಬಿ ಮುಂದೆ ಹೋಗಬಹುದು.

ಡೆಕ್ ವಿಷಯ ಹಾಗಲ್ಲ. ಹಾಯಿದೋಣಿಯ ಡೆಕ್ ಮೇಲೆ ಎಷ್ಟು ಬೋಲ್ಟು, ಸ್ಕ್ರೂ ಇರುತ್ತವೆ ಅಂತ ಒಮ್ಮೆ ಎಣಿಸಿ ನೋಡಿ. ಕೈತಡೆಯ ಕಂಬಿಗಳ ಬುಡ, ಹಗ್ಗ ಕಟ್ಟುವ ಗೂಟ, ಕಿಟಕಿ, ಗಾಳಿಗಿಂಡಿ, ಹಾಯಿಕಂಬದ ತಂತಿಗಳನ್ನು ಹಿಡಿದಿಡುವ ಉಕ್ಕಿನ ಪಟ್ಟಿ. ಪ್ರತಿ ಬೋಲ್ಟೂ ಆ ಬಾಲ್ಸಾ ಮರವನ್ನು ತೂರಿಕೊಂಡೇ ಕೆಳಗೆ ಹೋಗಿರುತ್ತದೆ. ಸುತ್ತ ಹಚ್ಚಿದ ಸೀಲೆಂಟ್ ಕೆಲವು ವರ್ಷಕ್ಕೆ ಒಣಗಿ ಬಿಡುತ್ತದೆ, ಬಿಟ್ಟ ಸಂದಿಯಲ್ಲಿ ಮಳೆ ನೀರು ಇಳಿಯುತ್ತದೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಬೂಷ್ಟು ಬೆಳೆಯಲು ಮಳೆ ನೀರಿಗಿಂತ ಒಳ್ಳೆಯದು ಇನ್ನೊಂದಿಲ್ಲ, ಉಪ್ಪುನೀರಾದರೂ ಅದನ್ನು ಸ್ವಲ್ಪ ತಡೆಯುತ್ತದೆ. ಕಡಲಲ್ಲಿ ಓಡಾಡಿದ ದೋಣಿಗಿಂತ ನಾಲ್ಕು ಮಳೆಗಾಲ ಟಾರ್ಪಲ್ ಕೂಡ ಇಲ್ಲದೆ ದಡದಲ್ಲಿ ನಿಂತ ದೋಣಿಯ ಡೆಕ್ ಜಾಸ್ತಿ ಹಾಳಾಗಿರುವುದು ಇದಕ್ಕೇ. ಬಳಸಿಯೇ ಇಲ್ಲ ಸಾರ್, ಹೊಸದರ ಹಾಗೇ ಇದೆ ಅಂತ ಮಾರುವವರು ಹೇಳಿದರೆ ಅಲ್ಲಿಯೇ ಅನುಮಾನ ಪಡಿ.

ಒಮ್ಮೆ ಒಂದು ಯಾರ್ಡಿನಲ್ಲಿ ಅಂಥದೇ ಒಂದು ದೋಣಿಯ ಡೆಕ್ ಕೊಯ್ದಿದ್ದೆವು. ಮೇಲೆ ಹೊಸ ಪೇಂಟು, ಜಾರದ ಹಾಗೆ ಮರಳು ಹಾಕಿದ್ದು, ನೋಡಲು ಚೆಂದ. ಕಂಬಿಯ ಬುಡದ ಹತ್ತಿರ ಹೆಜ್ಜೆ ಇಟ್ಟರೆ ಮಾತ್ರ ಸ್ವಲ್ಪ ಬಗ್ಗುತ್ತಿತ್ತು, ಬೋಲ್ಟಿನ ಸುತ್ತ ಕಂದು ನೀರಿನ ಕಲೆ. ಗ್ರೈಂಡರಿನಿಂದ ಮೇಲಿನ ಪದರ ಕೊಯ್ದು ಎತ್ತಿದರೆ ಏನೂ ಅಂಟಿಕೊಂಡಿರಲಿಲ್ಲ, ಮುಚ್ಚಳ ತೆಗೆದಷ್ಟು ಸುಲಭವಾಗಿ ಎದ್ದು ಬಂತು. ಒಳಗಿನ ಬಾಲ್ಸಾ ಕಪ್ಪಾಗಿ, ಮುಷ್ಟಿಯಲ್ಲಿ ಹಿಡಿದು ಹಿಂಡಿದರೆ ನೆನೆಸಿದ ಅವಲಕ್ಕಿ ಹಿಂಡಿದಂತೆ ನೀರು ಸೋರಿತು. ಆ ದೋಣಿಯ ತಳದಲ್ಲಿ ಒಂದೇ ಒಂದು ಗುಳ್ಳೆ ಇರಲಿಲ್ಲ.

ಹಾಗಾದರೆ ನೋಡುವುದು ಹೇಗೆ? ಮೊದಲ ಉಪಕರಣಕ್ಕೆ ಖರ್ಚಿಲ್ಲ. ಪ್ಲಾಸ್ಟಿಕ್ ತಲೆಯ ಸಣ್ಣ ಸುತ್ತಿಗೆ, ಇಲ್ಲದಿದ್ದರೆ ಸ್ಕ್ರೂಡ್ರೈವರಿನ ಹಿಡಿ, ಅದೂ ಇಲ್ಲದಿದ್ದರೆ ಐದು ರೂಪಾಯಿ ನಾಣ್ಯ. ಡೆಕ್ ಮೇಲೆ ಮಂಡಿಯೂರಿ ಕುಳಿತು ಗೇಣು ಗೇಣಿಗೂ ತಟ್ಟುತ್ತಾ ಹೋಗಿ. ಗಟ್ಟಿ ಜಾಗ ಟಕ್ ಟಕ್ ಅಂತ ಚುರುಕಾಗಿ ಸದ್ದು ಕೊಡುತ್ತದೆ. ಪದರ ಬಿಟ್ಟ ಜಾಗ, ಒದ್ದೆಯಾದ ಜಾಗ ಡಬ್ ಅಂತ ಮಂಕಾಗಿ ಕೇಳುತ್ತದೆ. ಸದ್ದು ಬದಲಾದ ಕಡೆ ಸೀಮೆಸುಣ್ಣದಿಂದ ಗೆರೆ ಹಾಕಿ. ಮುಗಿಸಿ ಎದ್ದು ನಿಂತರೆ ಡೆಕ್ ಮೇಲೆ ಒಂದು ನಕ್ಷೆಯೇ ಸಿಗುತ್ತದೆ, ಅದರಲ್ಲಿ ಪ್ರತಿ ಕಲೆಯ ಮಧ್ಯದಲ್ಲೂ ಒಂದು ಬೋಲ್ಟ್ ಇರುತ್ತದೆ, ಬೇಕಾದರೆ ನೋಡಿ. ಒಂದು ಎಚ್ಚರಿಕೆ. ಕೆಳಗೆ ಅಡ್ಡಗೋಡೆ ತಾಗಿದ ಕಡೆಯೂ ಸದ್ದು ಬೇರೆಯಾಗುತ್ತದೆ. ಅದನ್ನೇ ರೋಗ ಅಂದುಕೊಳ್ಳಬೇಡಿ, ಒಳಗಿಳಿದು ನೋಡಿಕೊಂಡು ಬನ್ನಿ.

ಎರಡನೆಯದು ತೇವ ಅಳೆಯುವ ಮೀಟರು. ಅದನ್ನು ಹಿಡಿದು ಬಂದವರ ಮಾತಿಗೆ ಜನ ತುಂಬಾ ಬೆಲೆ ಕೊಡುತ್ತಾರೆ. ಕೊಡಲಿ, ಆದರೆ ಆ ಮೀಟರು ಮೋಸ ಹೋಗುತ್ತದೆ. ತಳದ ಮೇಲೆ ಉಪ್ಪಿನ ಪದರ ಇದ್ದರೆ ತೇವ ಅನ್ನುತ್ತದೆ. ತಾಮ್ರದ ಅಂಶ ಇರುವ ಪಾಚಿನಿರೋಧಕ ಪೇಂಟು ಇದ್ದರೆ ತೇವ ಅನ್ನುತ್ತದೆ. ಗೋಡೆಯ ಆ ಕಡೆ ಡೀಸೆಲ್ ಟ್ಯಾಂಕೋ ಕಬ್ಬಿಣವೋ ಇದ್ದರೂ ಅದೇ ಕಥೆ. ಆಗಷ್ಟೇ ನೀರಿನಿಂದ ಎತ್ತಿದ ದೋಣಿಗೆ ಹಿಡಿದರೆ ಯಾವುದೂ ಪಾಸಾಗುವುದಿಲ್ಲ. ಸಿಹಿನೀರಿನಲ್ಲಿ ತೊಳೆದು, ಕೆಲವು ದಿನ ದಡದಲ್ಲಿ ಬಿಟ್ಟು, ಅಲ್ಲಲ್ಲಿ ಪೇಂಟು ಕೆರೆದು ನೋಡಬೇಕು. ಅಂಕಿಯನ್ನು ಅಷ್ಟಕ್ಕಷ್ಟೇ ನಂಬಿ, ಹೋಲಿಕೆಯನ್ನು ನಂಬಿ. ಅದೇ ದೋಣಿಯಲ್ಲಿ ನೀರಿಗೆ ತಾಗದ ಮೇಲಿನ ಭಾಗ ಎಷ್ಟು ತೋರಿಸುತ್ತದೆ, ಕೆಳಗಿನ ಭಾಗ ಎಷ್ಟು, ವ್ಯತ್ಯಾಸ ಎಷ್ಟು, ಅಷ್ಟೇ ಲೆಕ್ಕ.

ಮೀಟರು ಇಲ್ಲದವರಿಗೆ ಒಂದು ಉಪಾಯ ಇದೆ. ಒಂದಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಪೇಂಟು ಕೆರೆದ ತಳಕ್ಕೆ ನಾಲ್ಕೂ ಬದಿ ಟೇಪ್ ಹಾಕಿ ಅಂಟಿಸಿ. ಬಿಸಿಲು ಬಿದ್ದ ಮೇಲೆ ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದರೆ ಫೈಬರಿನಿಂದ ಇನ್ನೂ ನೀರು ಹೊರಡುತ್ತಿದೆ ಅಂತ ಅರ್ಥ. ಹನಿ ಕಟ್ಟುವುದು ನಿಲ್ಲುವವರೆಗೆ ಬ್ರಷ್ ಮುಟ್ಟಬಾರದು.

ಕೊನೆಯ ಮಾತು ಡ್ರಿಲ್ಲಿನದು. ಡೆಕ್ಕಿನಲ್ಲಿ ಅನುಮಾನ ಬಂದ ಕಡೆ ಕೆಳಗಿನಿಂದ, ಒಳಪದರ ದಾಟಿ ಮರದವರೆಗೆ ಮಾತ್ರ, 5 ಮಿಲಿಮೀಟರಿನ ತೂತು ಕೊರೆದು ಬರುವ ಪುಡಿ ನೋಡಿ. ತಿಳಿಬಣ್ಣದ ಒಣ ಪುಡಿ ಬಂದರೆ ಕ್ಷೇಮ. ಕಪ್ಪಗೆ ಡ್ರಿಲ್ಲಿಗೆ ಮೆತ್ತಿಕೊಂಡರೆ ಕೊಯ್ಯಲೇಬೇಕು. ಮಾರುವವರು ತೂತು ಮಾಡಲು ಬಿಡುವುದಿಲ್ಲ ಅಂದರೆ ನಾನಾದರೆ ಆ ದೋಣಿ ಬಿಟ್ಟು ಬರುತ್ತೇನೆ.

ಚುಕ್ಕಾಣಿ ಮರೆಯಬೇಡಿ. ಒಳಗೆ ಫೋಮ್ ತುಂಬಿದ ಎರಡು ಫೈಬರ್ ಚಿಪ್ಪು, ಮೇಲಿನಿಂದ ಇಳಿದ ಸ್ಟೀಲ್ ದಂಡ. ದಂಡ ಒಳಹೊಕ್ಕ ಕಡೆ ನೀರು ಹೋಗೇ ಹೋಗುತ್ತದೆ. ದೋಣಿ ಎತ್ತಿ ಕೆಲವು ದಿನ ಆದ ಮೇಲೂ ಚುಕ್ಕಾಣಿಯ ಕೆಳತುದಿಯಿಂದ ಕಂದು ನೀರು ತೊಟ್ಟಿಕ್ಕುತ್ತಿದ್ದರೆ, ಒಳಗೆ ದಂಡಕ್ಕೆ ಬೆಸೆದ ಪಟ್ಟಿಗಳು ತುಕ್ಕು ಹಿಡಿದಿರುವ ಸಾಧ್ಯತೆ ಇದೆ. ಸ್ಟೇನ್‌ಲೆಸ್ ಅಂತ ನೆಮ್ಮದಿಯಾಗಿರಬೇಡಿ, ಗಾಳಿಯಾಡದ ಉಪ್ಪುನೀರಿನಲ್ಲಿ ಅದಕ್ಕೂ ತುಕ್ಕು ಬರುತ್ತದೆ.

ರಿಪೇರಿಯಲ್ಲಿ ನನಗೆ ಸಿಟ್ಟು ಬರಿಸುವುದು ಸಿರಿಂಜ್ ಕೆಲಸ. ಡೆಕ್ ಮೇಲೆ ಸಾಲಾಗಿ ತೂತು ಕೊರೆದು ಎಪಾಕ್ಸಿ ಚುಚ್ಚಿ ತುಂಬಿ, ಮೇಲೆ ಪೇಂಟು ಬಳಿದು ಸರಿಯಾಯಿತು ಅನ್ನುವುದು. ಒದ್ದೆ ಮರದೊಳಗೆ ಎಪಾಕ್ಸಿ ಇಳಿಯುವುದಿಲ್ಲ, ಅಲ್ಲಿ ಆಗಲೇ ನೀರು ಕುಳಿತಿದೆಯಲ್ಲ. ಹೋದಷ್ಟು ಹೋಗಿ ಗಡ್ಡೆ ಕಟ್ಟುತ್ತದೆ, ಉಳಿದ ನೀರು ಒಳಗೇ ಬಂಧಿಯಾಗುತ್ತದೆ. ಪದರ ಬಿಟ್ಟಿದ್ದರೂ ಒಳಗೆ ಪೂರ್ತಿ ಒಣಗಿದ್ದರೆ ಮಾತ್ರ ಈ ವಿದ್ಯೆ ನಡೆಯುತ್ತದೆ. ನಮ್ಮ ಕರಾವಳಿಯಲ್ಲಿ ಅಂಥ ಡೆಕ್ ಎಲ್ಲಿ ಸಿಗಬೇಕು.

ಸರಿಯಾದ ಕೆಲಸಕ್ಕೆ ಮೇಲಿನ ಪದರ ಕೊಯ್ದು ಎತ್ತಬೇಕು. ಕಪ್ಪಾದ ಮರವನ್ನಷ್ಟೇ ತೆಗೆದರೆ ಸಾಲದು, ಗಟ್ಟಿ ಒಣ ಮರ ಸಿಗುವವರೆಗೂ ಹೋಗಬೇಕು, ಅದು ಹೊರಗಿನಿಂದ ಅಂದಾಜು ಮಾಡಿದ್ದಕ್ಕಿಂತ ಯಾವಾಗಲೂ ದೂರವೇ ಇರುತ್ತದೆ. ಒಣಗಿದ ಮೇಲೆ ಹೊಸ ಬಾಲ್ಸಾ ಅಥವಾ ಫೋಮನ್ನು ಸಿಲಿಕಾ ಪುಡಿ ಬೆರೆಸಿ ಗಟ್ಟಿ ಮಾಡಿದ ಎಪಾಕ್ಸಿಯಲ್ಲಿ ಕೂರಿಸಿ, ಮೇಲೆ ತೂಕ ಹೇರಬೇಕು. ಆಮೇಲೆ ಅಂಚು. ಕೊಯ್ದ ಗೆರೆಯ ಮೇಲೆ ನೇರವಾಗಿ ಪಟ್ಟಿ ಅಂಟಿಸಿದರೆ ಬಲ ಬರುವುದಿಲ್ಲ. ಫೈಬರ್ 6 ಮಿಲಿಮೀಟರ್ ದಪ್ಪ ಇದ್ದರೆ ಸುತ್ತ 72 ಮಿಲಿಮೀಟರ್ ಅಗಲಕ್ಕೆ ಇಳಿಜಾರಾಗಿ ಗ್ರೈಂಡ್ ಮಾಡಬೇಕು, ಅಂದರೆ ದಪ್ಪದ ಹನ್ನೆರಡು ಪಟ್ಟು. ನೋಡುವವರಿಗೆ ಇಷ್ಟು ಸಣ್ಣ ತೂತಿಗೆ ಇಷ್ಟು ದೊಡ್ಡ ಗಾಯ ಯಾಕೆ ಮಾಡುತ್ತಿದ್ದಾನೆ ಅನ್ನಿಸುತ್ತದೆ. ಹಳೇ ಫೈಬರಿಗೆ ಹೊಸದು ಹಿಡಿಯುವುದು ಆ ಅಗಲದ ಮೇಲೆಯೇ. ಈ ಕೆಲಸಕ್ಕೆ ಎಪಾಕ್ಸಿಯೇ ಬೇಕು. ಪಾಲಿಯೆಸ್ಟರ್ ರೆಸಿನ್ ಅಗ್ಗ ನಿಜ, ಆದರೆ ಹಳೇ ಮೈಗೆ ಅದು ಅಷ್ಟು ಗಟ್ಟಿಯಾಗಿ ಹಿಡಿಯುವುದಿಲ್ಲ.

ಬೋಲ್ಟುಗಳನ್ನು ವಾಪಸ್ ಹಾಕುವಾಗ ತೂತನ್ನು ದೊಡ್ಡದು ಮಾಡಿ, ಪೂರ್ತಿ ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ಮಧ್ಯೆ ಹೊಸ ತೂತು ಕೊರೆಯಿರಿ. ಮುಂದೆ ಎಂದಾದರೂ ಸೀಲೆಂಟ್ ಬಿಟ್ಟರೂ ನೀರಿಗೆ ಮರ ಸಿಗುವುದಿಲ್ಲ. ಹೊಸ ದೋಣಿ ಕಟ್ಟುವವರೇ ಇದನ್ನು ಮಾಡಿದ್ದರೆ ನಮ್ಮಂಥವರಿಗೆ ಅರ್ಧ ಕೆಲಸ ಇರುತ್ತಿರಲಿಲ್ಲ.

ತಳದ ತುಂಬಾ ಗುಳ್ಳೆ ಇದ್ದರೆ ಜೆಲ್‌ಕೋಟನ್ನೇ ಕೆರೆದು ತೆಗೆಯಬೇಕು. ತೆಗೆದ ಮೇಲೆ ಸಿಹಿನೀರಿನಿಂದ, ಸಾಧ್ಯವಾದರೆ ಬಿಸಿನೀರಿನಿಂದ, ಮತ್ತೆ ಮತ್ತೆ ತೊಳೆಯಬೇಕು. ಒಣಗಿಸಬೇಕಾದ ತಳವನ್ನು ತೊಳೆಯುವುದು ಯಾಕೆ ಅಂತ ಕೇಳುತ್ತಾರೆ. ಒಳಗಿನ ಜಿಡ್ಡು ಬರೀ ಗಾಳಿಗೆ ಆರುವುದಿಲ್ಲ, ನೀರಿನಲ್ಲಿ ಕರಗಿಯೇ ಹೋಗಬೇಕು. ಅದು ಉಳಿದರೆ ಗುಳ್ಳೆ ಮತ್ತೆ ಬರುತ್ತದೆ. ಪೂರ್ತಿ ಒಣಗಿದ ಮೇಲೆ ಐದಾರು ಕೋಟ್ ಎಪಾಕ್ಸಿ, ಒಟ್ಟು ಕಾಲು ಮಿಲಿಮೀಟರ್ ದಪ್ಪ ಬರುವಷ್ಟು. ಎಪಾಕ್ಸಿ ಗಟ್ಟಿಯಾದ ಮೇಲೆ ಮೇಲೊಂದು ಮೇಣದಂಥ ಪೊರೆ ಬರುವುದುಂಟು. ಅದನ್ನು ನೀರಿನಲ್ಲಿ ಉಜ್ಜಿ ತೊಳೆದೇ ಮುಂದಿನ ಕೆಲಸ.

ಈಗ ನಾನು ನಿಜವಾಗಿ ಹೇಳಬೇಕಾದ ಮಾತಿಗೆ ಬರುತ್ತೇನೆ. ಇದೆಲ್ಲ ಪರದೇಶದ ಪುಸ್ತಕಗಳಲ್ಲೂ ಇದೆ. ಅಲ್ಲಿಲ್ಲದ್ದು ನಮ್ಮ ಕ್ಯಾಲೆಂಡರ್. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ದೋಣಿಗಳು ದಡಕ್ಕೆ ಬರುವುದು ಆಗ, ರಿಪೇರಿ ನಡೆಯುವುದೂ ಆಗಲೇ. ಹಾಯಿದೋಣಿಗಳೂ ಮಳೆಗಾಲಕ್ಕೇ ಮೇಲೆ ಬರುತ್ತವೆ. ಅಂದರೆ ವರ್ಷದಲ್ಲಿ ಫೈಬರ್ ಒಣಗಲು ಸಾಧ್ಯವೇ ಇಲ್ಲದ ತಿಂಗಳುಗಳನ್ನು ಹುಡುಕಿ ಹುಡುಕಿ ನಾವು ಫೈಬರ್ ಕೆಲಸ ಮಾಡುತ್ತಿದ್ದೇವೆ! ತೊಳೆದ ಬಟ್ಟೆ ಒಣಗದ ಕಾಲದಲ್ಲಿ ಇಷ್ಟು ದಪ್ಪದ ಫೈಬರ್ ಒಣಗುತ್ತದಾ? ತೇವದ ಮೇಲೆ ಹಾಕಿದ ರೆಸಿನ್ ಸರಿಯಾಗಿ ಸೆಟ್ ಆಗುವುದಿಲ್ಲ, ಮ್ಯಾಟ್ ಬೆಳ್ಳಗಾಗುತ್ತದೆ. ಆಗಸ್ಟಿನಲ್ಲಿ ನೀರಿಗಿಳಿದ ದೋಣಿಯ ತೇಪೆ ದೀಪಾವಳಿ ಹೊತ್ತಿಗೆ ಏಳುತ್ತದೆ. ಆಗ ಬೈಗುಳ ಕೆಲಸದವನಿಗೆ.

ಮೀನುಗಾರರಿಗೆ ನಿಷೇಧದ ಸಮಯ ಬಿಟ್ಟರೆ ಬೇರೆ ದಾರಿ ಇಲ್ಲ, ಸೀಸನ್ ಮಧ್ಯದಲ್ಲಿ ದೋಣಿ ನಿಲ್ಲಿಸಿ ಅಂತ ಹೇಳುವ ಧೈರ್ಯ ನನಗಂತೂ ಇಲ್ಲ. ಆದರೆ ಹಾಯಿದೋಣಿ ಕೊಳ್ಳುವವರಿಗೆ ಆ ಒತ್ತಡ ಇಲ್ಲ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ನಮ್ಮಲ್ಲಿ ಒಣಗಾಳಿ ಇರುತ್ತದೆ. ಕೊಯ್ಯುವುದು, ಕೆರೆಯುವುದು, ತೊಳೆಯುವುದು ಎಲ್ಲ ಡಿಸೆಂಬರಿನಲ್ಲೇ ಶುರು ಮಾಡಿ, ಬಿಸಿಲಿಗೂ ಗಾಳಿಗೂ ಬಿಟ್ಟು, ಪ್ಲಾಸ್ಟಿಕ್ ಹಾಳೆಯಲ್ಲಿ ಹನಿ ಕಟ್ಟುವುದು ನಿಂತ ಮೇಲೆ ಎಪಾಕ್ಸಿ ಹಾಕಿ ಮೇ ಒಳಗೆ ಮುಗಿಸಿ. ಆಗದಿದ್ದರೆ ಆ ವರ್ಷ ಮುಚ್ಚಲೇಬೇಡಿ. ಗಾಳಿಯಾಡುವ ಚಪ್ಪರದಡಿ ಹಾಗೇ ಬಿಟ್ಟು ಮುಂದಿನ ಚಳಿಗಾಲಕ್ಕೆ ಕಾಯಿರಿ. ಹಸಿ ಮೈ ಮೇಲೆ ಎಪಾಕ್ಸಿ ಬಳಿದರೆ ಒಳಗಿನ ನೀರಿಗೆ ನಾವೇ ಬಾಗಿಲು ಹಾಕಿದಂತಾಗುತ್ತದೆ.

ಸರ್ಕಾರಕ್ಕೂ ಒಂದು ಮಾತು. ಪ್ರವಾಸಕ್ಕೆ ಹಾಯಿದೋಣಿ ಬರಲಿ ಅಂತ ಆಸೆ ಇದ್ದರೆ ಜೆಟ್ಟಿ ಕಟ್ಟಿದರೆ ಸಾಲದು. ಮೀನುಗಾರಿಕೆ ಬಂದರುಗಳ ಪಕ್ಕದಲ್ಲಿ ಎತ್ತರದ ಮಾಡಿನ, ಬದಿ ತೆರೆದ ಶೆಡ್ಡುಗಳು ಬೇಕು, ಮಳೆಯಲ್ಲೂ ಒಂದಿಷ್ಟು ದೋಣಿ ಒಣ ನೆಲದ ಮೇಲೆ ನಿಲ್ಲುವ ಹಾಗೆ. ಬಾಡಿಗೆ ಕೊಟ್ಟೇ ಬಳಸುತ್ತಾರೆ. ಕರಾವಳಿಯ ಐಟಿಐಗಳಲ್ಲಿ ಫೈಬರ್ ಮತ್ತು ಎಪಾಕ್ಸಿ ಕೆಲಸದ ಒಂದು ಸಣ್ಣ ಕೋರ್ಸ್ ಶುರು ಮಾಡಬಹುದು. ನಮ್ಮ ಹುಡುಗರು ಕೆಲಸ ಕಲಿಯುವುದು ನೋಡಿಯೇ, ಮಾಸ್ಕ್ ಇಲ್ಲದೆ ಗಾಜಿನ ಧೂಳು ಕುಡಿದುಕೊಂಡೇ. ರೆಸಿನ್ ಸೆಟ್ ಆಗಲು ಹಾಕುವ ಕೋಬಾಲ್ಟ್ ಆಕ್ಸಿಲರೇಟರನ್ನೂ ಹಾರ್ಡ್‌ನರನ್ನೂ ನೇರವಾಗಿ ಸೇರಿಸಿದರೆ ಸ್ಫೋಟ ಆಗಬಹುದು, ಮೊದಲು ಒಂದನ್ನು ರೆಸಿನ್ನಿಗೆ ಪೂರ್ತಿ ಕಲಸಿ ಆಮೇಲೆ ಇನ್ನೊಂದು ಹಾಕಬೇಕು ಅಂತ ಅವರಿಗೆ ಮೊದಲ ದಿನವೇ ಯಾರೂ ಹೇಳುವುದಿಲ್ಲ. ಎರಡು ಬಾಟಲಿಯನ್ನೂ ಒಂದೇ ಪೆಟ್ಟಿಗೆಯಲ್ಲಿ ಇಡುವ ಶೆಡ್ಡುಗಳು ಈಗಲೂ ಇವೆ. ಮೀನುಗಾರಿಕೆ ಇಲಾಖೆಯವರು ಈ ನಿಷೇಧದ ಸಮಯದಲ್ಲಿ ಒಂದು ಸುತ್ತು ಬಂದು ಅಷ್ಟನ್ನಾದರೂ ಬೇರೆ ಮಾಡಿಸಲಿ.

ಇಂತಿ,
ನಿಮ್ಮ ಓದುಗ
ಕುಂದಾಪುರ ತಾಲೂಕು